ಕ್ಲೇರಮ್ಮನ ನೀರುಳ್ಳಿ ಸಾರು

ಮೂರು ಸಲ ಬೇಡ ಅನ್ನದೆ ಯಾರ ಮನೆಯಲ್ಲೂ ಬಡಿಸಿಕೊಳ್ಳಬಾರದು ಎಂದು ಜಟ್ಟಿ ನಾಯ್ಕನಿಗೆ ಅವನ ತಾಯಿ ಸಣ್ಣವನಿದ್ದಾಗಲೇ ಕಲಿಸಿದ್ದಳು. ಆ ಕಲಿಕೆಯೇ ಈ ಗುರುವಾರ ಅವನ ಹೊಟ್ಟೆಗೆ ಕಲ್ಲು ಹಾಕಿತು.

ಹೊನ್ನಾವರದ ಬಂದರಿಗೆ ಇಳಿಯುವ ಓಣಿಯಲ್ಲಿ ಕಾಮತರ ಕಿರಾಣಿಯ ಕೊಂಕಣಿ ಮುಗಿಯುವಷ್ಟರಲ್ಲಿ ಇಕ್ಬಾಲ್ ಸಾಹೇಬರ ಅತ್ತರಿನಂಗಡಿಯ ನವಾಯತಿ ಮಾತು ಶುರುವಾಗುತ್ತದೆ. ಎರಡರ ನಡುವಿನ ಹಳೆಯ ಹೆಂಚಿನ ಗೋದಾಮಿನಲ್ಲಿ ಫ್ರಾನ್ಸಿನ ಕ್ಲೇರ್ ಎಂಬಾಕೆ ನಾಲ್ಕೇ ಮೇಜಿನ ಬಿಸ್ಟ್ರೋ, ಅಂದರೆ ಪುಟ್ಟ ಫ್ರೆಂಚ್ ಹೋಟೆಲು, ತೆರೆದಿದ್ದಳು. ಓಣಿಯವರಿಗೆ ಅವಳು ಕ್ಲೇರಮ್ಮ. ಆ ಬಿಸ್ಟ್ರೋಗೆ ವಯರಿಂಗ್ ಮಾಡಿದವನು ಜಟ್ಟಿ. ಏಣಿಯ ಮೇಲೆ ನಿಂತು ವಾರವಿಡೀ ಆ ಅಡುಗೆಮನೆಯ ಪರಿಮಳ ಕುಡಿದವನಿಗೆ, "ಗುರುವಾರ ಮಧ್ಯಾಹ್ನ ನೀವು ನನ್ನ ಅತಿಥಿ" ಎಂದು ಅವಳು ಹೇಳಿದಾಗ ಏಣಿಯಿಂದ ಬೀಳುವುದೊಂದು ಬಾಕಿಯಿತ್ತು.

"ಎಂತೆಂತ ಹಾಕಿದ್ರು, ರುಚಿ ಹ್ಯಾಂಗಿತ್ತು, ಎಲ್ಲ ಬಂದು ಹೇಳ್ಬೇಕು," ಎಂದಳು ಹೆಂಡತಿ ಮಾದೇವಿ. "ಕೇರಿಯವ್ರೆಲ್ಲ ನಾಳೆ ಕೇಳೂಕೆ ಬರ್ತ್ರು." ಹೊಟ್ಟೆಯಲ್ಲಿ ಜಾಗ ಇರಲೆಂದು ಬೆಳಗಿನ ದೋಸೆಯನ್ನೂ ಅವಳು ಕೊಡಲಿಲ್ಲ.

ಒಳಗೆ ಹೊಕ್ಕ ಜಟ್ಟಿಗೆ ತಾನೇ ಹಾಕಿದ ಬಲ್ಬುಗಳ ಗುರುತು ಸಿಗಲಿಲ್ಲ. ಅವು ಕೆಂಪು ಚೌಕಳಿ ಬಟ್ಟೆಯ ಮೇಲೆ ಬೆಳಕನ್ನು ಜೇನಿನಂತೆ ಸುರಿಯುತ್ತಿದ್ದವು. ಕ್ಲೇರಮ್ಮ ನೀರುಳ್ಳಿ ಸಾರಿನ ಮಣ್ಣಿನ ಪಾತ್ರೆ ತಂದಳು. ಮೇಲೆ ಚೀಸು ಕಂದು ಬಣ್ಣಕ್ಕೆ ತಿರುಗಿ ಕೆನೆಗಟ್ಟಿತ್ತು. ಸೌಟಿನಿಂದ ಅದನ್ನು ಒಡೆದಾಗ ಒಳಗಿನಿಂದ ಹಬೆ ಎದ್ದಿತು. ದಿನಾ ಕಣ್ಣೀರು ಬರಿಸುವ ನೀರುಳ್ಳಿ ಇಷ್ಟು ಸಾಧುವಾಗಬಲ್ಲದು ಎಂದು ಜಟ್ಟಿ ಕನಸಲ್ಲೂ ಎಣಿಸಿರಲಿಲ್ಲ. ಗರ್ಭಗುಡಿಯ ಬಾಗಿಲು ತೆರೆದಾಗ ಆಗುವಂತೆ ಅವನ ಕೈಗಳು ತಾವಾಗಿ ಜೋಡಿಸಿಕೊಂಡವು.

"ಬಡಿಸಲೇ, ಜಟ್ಟಿಯವರೇ?" ಅವಳ ಕನ್ನಡ ಪುಸ್ತಕದಿಂದ ಕಲಿತದ್ದು.

"ಬೇಡ," ಎಂದು ಜಟ್ಟಿ ನಾಚಿ ಬಟ್ಟಲಿಗೆ ಕೈ ಅಡ್ಡ ಹಿಡಿದ. ಇನ್ನೆರಡು 'ಬೇಡ' ನಾಲಿಗೆಯ ಮೇಲೆ ತಯಾರಿದ್ದವು. ಅವಕ್ಕೆ ಕೆಲಸವೇ ಬರಲಿಲ್ಲ.

"ಆಗಲಿ," ಎಂದು ಅವಳು ಪಾತ್ರೆಯೊಂದಿಗೆ ಒಳಗೆ ನಡೆದಳು.

ಆಮೇಲೆ ಬೆಣ್ಣೆಯಲ್ಲಿ ಮಿಂದ ಇಸೋಣ ಮೀನು ಬಂತು. ಒಂದು ಮೆಣಸಿನ ಕಲೆಯೂ ಇಲ್ಲದೆ ಮೀನು ಇಷ್ಟು ಚಂದ ಇರಬಹುದೇ ಎಂದು ಅವನು ಬೆರಗಾಗಿ ನೋಡುತ್ತಿರುವಾಗ ಮತ್ತೆ ಅದೇ ಪ್ರಶ್ನೆ. ಈ ಸಲವಾದರೂ ಒತ್ತಾಯ ಮಾಡಿಯಾಳೆಂದು ಜಟ್ಟಿ ತನ್ನ 'ಬೇಡ'ವನ್ನು ಬಾಗಿಲು ಅರ್ಧ ತೆರೆದಿಟ್ಟ ಹಾಗೆ ಮೆತ್ತಗೆ ಹೇಳಿದ. ಮೀನೂ ಹೋಯಿತು. ಮೇಜಿನ ಮೇಲೆ ಮೊದಲೇ ಇದ್ದ ಬ್ರೆಡ್ಡಿನ ತುಂಡು ತಿಂದು, ನೀರು ಕುಡಿದು ಅವನು ಎದ್ದ.

ಎದುರಿನ ಮೊಬೈಲ್ ಅಂಗಡಿಯ ದಿನೇಶ ಕಾದೇ ಕೂತಿದ್ದ. "ಎಂತದಾ ಜಟ್ಟಿ, ಫ್ರಾನ್ಸಿಗೆ ಹೋಗಿ ಬಂದವ್ನ ಮುಖ ಉಪವಾಸದವ್ರ ಹಾಂಗೆ ಎಂತಕ್ಕಿದೆ?"

"ಬಡಿಸ್ಲಾ ಕೇಳಿದ್ಳು. ಬೇಡ ಅಂದೆ."

"ಮತ್ತೆ?"

"ಮತ್ತೆಂತ. ತಕಂಡು ಹೋದ್ಳು."

ದಿನೇಶ ನಕ್ಕು ನಕ್ಕು ಕಣ್ಣೊರೆಸಿಕೊಂಡ. "ನೀ ಮನೆಗೆ ನಡಿ. ನಾ ಅವಳ ಹತ್ರ ಮಾತಾಡಿ ಎಲ್ಲ ಸರಿ ಮಾಡ್ತೆ."

ಮನೆಯಲ್ಲಿ ಮಾದೇವಿ ಕೇಳಿದಳು, "ರುಚಿ ಹ್ಯಾಂಗಿತ್ತು?"

"ಪರಿಮಳ ಚಲೋ ಇತ್ತು."

"ಪರಿಮಳ ನಂಗೂ ಗೊತ್ತಿದೆ. ನಾ ಓಣಿಲಿ ಹೋಗುವಾಗ ಮೂಗು ಮನೇಲಿಟ್ಟು ಹೋಗ್ತ್ನಾ?" ನಡೆದದ್ದು ತಿಳಿದ ಮೇಲೆ ಅವಳು ತಲೆಮೇಲೆ ಕೈಹೊತ್ತು ಕೂತಳು. "ಅವ್ರ ಬದಿಗೆ ಒಂದೇ ಸಲ ಕೇಳೂದು. ಬಾಯ್ಬಿಟ್ಟು ಬೇಕು ಅನ್ನೂಕೆ ನಿಮ್ಗೆ ಎಂತ ರೋಗ? ಈಗ ಕೇರಿಯವ್ರಿಗೆ ಎಂತ ಹೇಳ್ಲಿ?"

ಅಷ್ಟರಲ್ಲಿ ದಿನೇಶನ ಫೋನು. ಕ್ಲೇರಮ್ಮ ಸಂಜೆ ಮತ್ತೆ ಕರೆದಿದ್ದಾಳೆ, ಜಟ್ಟಿಯನ್ನೂ ದಿನೇಶನನ್ನೂ.

ಜಟ್ಟಿ ಕನ್ನಡಿಯೆದುರು ನಿಂತು 'ಬೇಕು' ಎಂದು ಅಭ್ಯಾಸ ಮಾಡಿದ. ಮೊದಮೊದಲು ಬೈದಂತೆ ಕೇಳಿತು. ಆಮೇಲಾಮೇಲೆ ಹಿತವಾಯಿತು.

ಸಂಜೆ ಅದೇ ಬೆಳಕು, ಅದೇ ಮಣ್ಣಿನ ಪಾತ್ರೆ, ಅದೇ ಹಬೆ. ಕ್ಲೇರಮ್ಮ ಮೊದಲು ದಿನೇಶನತ್ತ ಬಾಗಿದಳು. "ಬೇಡ, ಬೇಡ," ಎಂದ ಅವನು. ಅವಳು ನಗುತ್ತಾ ಬಟ್ಟಲು ತುಂಬಿಸಿ, ಮೇಲೊಂದು ಸೌಟು ಸುರಿದಳು.

ಜಟ್ಟಿಗೆ ಕನಿಕರವೆನಿಸಿತು. ಪಾಪ, ಅವನಿಗೆ ಈ ಜನರ ರೀತಿ ಗೊತ್ತಿಲ್ಲ.

"ಬಡಿಸಲೇ, ಜಟ್ಟಿಯವರೇ?"

"ಬೇಕು," ಎಂದ ಜಟ್ಟಿ, ಕನ್ನಡಿ ಕಲಿಸಿದ ಹಿತದಲ್ಲಿ.

ಕ್ಲೇರಮ್ಮನ ಮುಖ ಬಾಡಿತು. ಸೌಟು ಹಿಂದಕ್ಕೆ ಹೋಯಿತು.

"ತುಂಬಾ ಬೇಕು."

"ಅರ್ಥವಾಯಿತು," ಎಂದು ಅವಳು ಮೃದುವಾಗಿ ಹೇಳಿದಳು. "ನಾನು ಒತ್ತಾಯ ಮಾಡುವುದಿಲ್ಲ." ಪಾತ್ರೆಯಲ್ಲಿ ಉಳಿದದ್ದನ್ನೂ ದಿನೇಶನ ಬಟ್ಟಲಿಗೆ ಸುರಿದು ಒಳಗೆ ಹೋದಳು.

"ಎಂತ ಹೇಳ್ಕೊಟ್ಟಿದ್ಯಾ ಅವಳಿಗೆ?" ಜಟ್ಟಿ ಪಿಸುಗುಟ್ಟಿದ.

ದಿನೇಶ ಬಾಯಲ್ಲಿದ್ದ ಸಾರು ನುಂಗಿದ. "ನಿನ್ನ ಸಲುವಾಗೇ ಮಾರಾಯ. ಊಟಕ್ಕೆ ಕೂತಾಗ ನಮ್ಮ ಬದಿಯವ್ರು ಹೇಳೂದೆಲ್ಲ ಉಲ್ಟಾ ತಿಳ್ಕಳಿ ಅಂದೆ."

ಜಟ್ಟಿ ಗಡಬಡಿಸಿ ಅಡುಗೆಮನೆಯತ್ತ ಕೂಗಿದ, "ಬೇಡ, ಅಮ್ಮಾ, ಬೇಡ."

ಕ್ಲೇರಮ್ಮ ಹಿಗ್ಗಿ ಓಡಿಬಂದಳು, ಆದರೆ ಖಾಲಿ ಪಾತ್ರೆಯನ್ನಷ್ಟೇ ಬಾಗಿಸಿ ತೋರಿಸಬೇಕಾಯಿತು. ತಳದಲ್ಲಿ ಒಂದು ಎಳೆ ನೀರುಳ್ಳಿ ಹೊಳೆಯುತ್ತಿತ್ತು. ಅಷ್ಟೇ ಚಂದವಾಗಿ.

ಮನೆಗೆ ಬಂದಾಗ ಮಾದೇವಿ ಒಲೆಯ ಹತ್ತಿರವಿದ್ದಳು. "ಉಂಡು ಬಂದ್ರಿ ಅಲ್ಲ? ಗಂಜಿ ಇದೆ, ಒಂದ್ಸೌಟು ಬಡಿಸ್ಲಾ?"

ಜಟ್ಟಿ ಬಾಯಿ ತೆರೆದ. ಏನು ಹೇಳಿದರೆ ಏನಾಗುತ್ತದೋ ತಿಳಿಯದೆ ಮತ್ತೆ ಮುಚ್ಚಿದ.

"ಮಾತಾಡೂಕೂ ಆಗ್ದಷ್ಟು ಹೊಟ್ಟೆ ತುಂಬಿದೆ ಕಾಣ್ತದೆ," ಎಂದು ಅವಳು ಬೆರಗಿನಿಂದ ನೋಡಿ, ಗಂಜಿಯನ್ನು ಬೆಕ್ಕಿಗೆ ಸುರಿದಳು.