ಪರದೆಯ ಮೇಲಿನ ಅರಿಶಿನ

ಕಂಪ್ಯೂಟರಿನ ಬಗ್ಗೆ ಕತೆ ಹೇಳುವಷ್ಟು ತಿಳಿವಳಿಕೆ ನನಗಿಲ್ಲ, ತಿಳಿದವರು ಕ್ಷಮಿಸಬೇಕು. ನಾಣಿಯ ಪಾಡನ್ನು ಬೇರೆ ಯಾರೂ ಸರಿಯಾಗಿ ಹೇಳುತ್ತಿಲ್ಲವಾದ್ದರಿಂದ, ಹೆದರುತ್ತಲೇ ಹೇಳುತ್ತಿದ್ದೇನೆ.

ನಾಣಿ ವಿಮಾ ಕಚೇರಿಯ ಗುಮಾಸ್ತ. ಸಂಜೆ ಕ್ಲಾಸಿನಲ್ಲಿ ಅಚ್ಚಿಗೆ ಪುಟ ಜೋಡಿಸುವ ಡಿಟಿಪಿ ಕಲಿತು, ಹಲಸೂರಿನ ಮನೆಯ ಹಜಾರದಲ್ಲೇ ಕಂಪ್ಯೂಟರ್ ಇಟ್ಟಿದ್ದ. ಮೊದಲ ಗಿರಾಕಿ ಎದುರುಮನೆಯ ಸುಭದ್ರಮ್ಮ. ಅವರ ಮಗಳು ವೇದಾಳ ಲಗ್ನಪತ್ರಿಕೆ. ಅದು ಚೆನ್ನಾಗಿ ಬಂದರೆ ಕಾಲೊನಿಯ ಪತ್ರಿಕೆಗಳೆಲ್ಲ ನಾಣಿಗೇ. ಕೆಟ್ಟರೆ ಮುಗಿಯಿತು, ಸುಭದ್ರಮ್ಮನ ಬಾಯೆಂದರೆ ಕಂಬಕ್ಕೆ ಕಟ್ಟಿದ ಮೈಕು. ಪತ್ರಿಕೆ ಅಂದೇ ಪ್ರೆಸ್ಸಿಗೆ ಹೋಗಬೇಕಿತ್ತು. ಬೆಳಿಗ್ಗೆ ಅವನ ಹಳೇ ಮಾನಿಟರ್ ಟಪ್ಪೆಂದು ಕಣ್ಣು ಮುಚ್ಚಿತು.

ಹೊಸ ಮಾನಿಟರ್ ತರಲು ಶಿವಾಜಿನಗರದ ಅಕ್ತರ್ ಅಂಗಡಿಗೆಂದು ಆಟೋ ಹತ್ತಿದರೆ ಸುಭದ್ರಮ್ಮನೂ ಹತ್ತಿದರು. "ಬಣ್ಣ ನೋಡೋಕೆ ಒಬ್ರು ಬೇಕಲ್ಲ" ಎಂದು ಪಕ್ಕದ ಮನೆಯ ಮುನಿಕೃಷ್ಣಪ್ಪನೂ ತೂರಿಕೊಂಡರು. ಕಾಲೊನಿಗೆ ಮೊದಲ ಕಲರ್ ಟಿವಿ ತಂದವರು ಅವರು. ಅಂದಿನಿಂದ ಬಣ್ಣದ ವಿಷಯದಲ್ಲಿ ಅವರದೇ ಕೊನೆಯ ಮಾತು.

ಅಕ್ತರ್ ಎರಡು ಮಾನಿಟರ್‌ಗಳಲ್ಲಿ ನಾಣಿಯ ಫ್ಲಾಪಿಯಲ್ಲಿದ್ದ ಪತ್ರಿಕೆ ತೆರೆದ. ಒಂದರಲ್ಲಿ ಹಾಲಿನಂಥ ಬಿಳುಪು. ಇನ್ನೊಂದರ ಎರಡೂ ಪಕ್ಕ ದೊಡ್ಡ ಸ್ಪೀಕರ್‌ಗಳಿದ್ದವು. ಅದರಲ್ಲಿ ಪತ್ರಿಕೆಯ ನಾಲ್ಕೂ ಮೂಲೆ ಹಳದಿ.

"ಅಯ್ಯೋ, ಅರಿಶಿನ ಹಚ್ಚೇಬಿಟ್ಟಿದೀಯಲ್ಲೋ ನಾಣಿ!" ಸುಭದ್ರಮ್ಮ ಪರದೆಗೇ ಕೈಮುಗಿದರು. "ಅಷ್ಟೊಂದು ಪತ್ರಿಕೆಗೆ ಕೂತ್ಕೊಂಡು ಕೈಯಲ್ಲಿ ಹಚ್ಚೋ ಕೆಲ್ಸ ತಪ್ತು!"

"ಇಲ್ಲ ಸುಭದ್ರಮ್ನೋರೆ, ನಾನು ಹಚ್ಚಿಲ್ಲ..." ಎನ್ನುವಷ್ಟರಲ್ಲಿ ನಾಣಿಗೆ ತನ್ನ ಮೇಲೇ ಅನುಮಾನ ಬಂತು. ಹಚ್ಚಿದ್ದೆನೋ ಏನೋ?

"ಅಮ್ಮಾ, ಅದು ಹಲ್ದಿ ಅಲ್ಲ. ಸ್ಪೀಕರ್ ಮ್ಯಾಗ್ನೆಟ್ ಬಣ್ಣ ಎಳೀತಾ ಇದೆ" ಎಂದ ಅಕ್ತರ್.

"ನೋಡಿದ್ರಾ? ಒಳ್ಳೇ ಪೀಸ್ ಮಾರೋಕೆ ಮನ್ಸೇ ಬರಲ್ಲ ಇವ್ರಿಗೆ!" ಮುನಿಕೃಷ್ಣಪ್ಪ ಕನ್ನಡಕ ಏರಿಸಿದರು. "ಆ ಬಿಳೀದ್ರಲ್ಲಿ ಅರಿಶಿನಾನೇ ಕಾಣ್ತಿಲ್ಲ. ಇದ್ರಲ್ಲಿ ಮುಟ್ಟಿದ್ರೆ ಅಂಟೋ ಹಾಗಿದೆ. ಕ್ವಾಲಿಟಿ ಅಂದ್ರೆ ಅದಪ್ಪ!"

ಅಕ್ತರ್ ಹಣೆ ಚಚ್ಚಿಕೊಂಡು, ಸ್ಪೀಕರ್‌ಗಳನ್ನು ಪಕ್ಕಕ್ಕೆ ಸರಿಸಿ, ಅದನ್ನೇ ಕಟ್ಟಿಕೊಟ್ಟ.

ಮನೆಗೆ ತಂದು ಆನ್ ಮಾಡಿದರೆ ನಾಲ್ಕೂ ಮೂಲೆ ಬೆಳ್ಳಗೆ, ಆಗತಾನೆ ಸ್ನಾನ ಮಾಡಿಸಿದ ಮಗುವಿನ ಹಾಗೆ.

"ಅರಿಶಿನ ಎಲ್ಲೋ?" ಎಂದರು ಸುಭದ್ರಮ್ಮ.

"ಆಟೋ ಕುಲುಕಾಟಕ್ಕೆ ಉದುರಿರ್ಬೇಕು" ಎಂದರು ಮುನಿಕೃಷ್ಣಪ್ಪ.

"ಮಂಗಳಕಾರ್ಯ ಕಣೋ! ಬೋಳು ಪತ್ರಿಕೆ ನಂಗೆ ಬೇಡ. ಮರ್ಫಿ ಟೌನಲ್ಲಿ ಬೇರೆಯವ್ರು ಮಾಡ್ಕೊಡ್ತಾರೆ."

ವಾದಿಸುವ ಧೈರ್ಯ ಸಾಲದೆ ನಾಣಿ ಮೌಸ್ ಹಿಡಿದು ನಾಲ್ಕೂ ಮೂಲೆಗೆ ತಾನೇ ಹಳದಿ ಬಳಿದ. ಸುಭದ್ರಮ್ಮನ ಮುಖ ಅರಳಿತು. "ಈಗ ಬಂತು ನೋಡು ಕ್ವಾಲಿಟಿ! ಕಾಲೊನಿಗೆಲ್ಲ ಹೇಳ್ತೀನಿ."

ಗೆದ್ದೆನೆಂದುಕೊಂಡು ನಾಣಿ ಫ್ಲಾಪಿಯನ್ನು ಪ್ರೆಸ್ಸಿನ ಚಿಕ್ಕಮುನಿಯಪ್ಪನಿಗೆ ಕೊಟ್ಟು, ಎದುರಿನ ಅಂಗಡಿಯಲ್ಲಿ ಟೀ ಕುಡಿಯುತ್ತ ಕೂತ. ಸಂಜೆ ಕತ್ತಲಾಗುವ ಹೊತ್ತಿಗೆ ಪತ್ರಿಕೆಯ ಕಟ್ಟುಗಳು ಬಂದವು. ಒಂದನ್ನು ಬಿಚ್ಚಿ ನೋಡಿದ. ಮೂಲೆಗಳು ಬೆಳ್ಳಗಿದ್ದವು. ಇನ್ನೊಂದನ್ನು ಬಿಚ್ಚಿದ. ಅದರಲ್ಲೂ ಅಷ್ಟೇ.

"ಅಣ್ಣಾ... ಮೂಲೇಲಿ ಹಳದಿ ಇತ್ತಲ್ಲ?"

"ಅಯ್ಯೋ, ಅದನ್ಯಾಕೆ ಕೇಳ್ತೀಯ ಗುರು!" ಚಿಕ್ಕಮುನಿಯಪ್ಪ ಬೆವರು ಒರೆಸಿಕೊಂಡ. "ನಮ್ ಮಾನಿಟರ್ ಕೆಟ್ಟೋಯ್ತು ಅಂದ್ಕೊಂಡು, ಇನ್ನೊಂದ್ ಮಾನಿಟರಲ್ಲಿ ಹಾಕಿ ನೋಡ್ದೆ. ಅಲ್ಲೂ ಅದೇ ಕಲೆ! ಕೊನೆಗೆ ಕೂತ್ಕೊಂಡು ನೀಟಾಗಿ ಅಳಿಸ್ಬಿಟ್ಟೆ. ನಿನ್ ಮೊದಲ್ನೇ ಕೆಲ್ಸ, ಹೆಸ್ರು ಕೆಡಬಾರ್ದಲ್ವಾ?"

ನಾಣಿ ಕಟ್ಟುಗಳನ್ನು ಹೊತ್ತು ಸುಭದ್ರಮ್ಮನ ಗೇಟಿನ ತನಕ ಹೋದದ್ದನ್ನು ನೋಡಿದವರಿದ್ದಾರೆ. ಒಳಗಿನಿಂದ "ತಂದ್ಯೇನೋ ನಾಣಿ?" ಎಂಬ ಕೂಗು ಕೇಳಿದವರೂ ಇದ್ದಾರೆ. ಅವನು ಏನು ಉತ್ತರ ಕೊಟ್ಟ ಎಂಬುದು ಮಾತ್ರ ನನಗೆ ಗೊತ್ತಿಲ್ಲ.