ಕೊಬ್ಬರಿ ತಕ್ಕಡಿಯ ಮೇಲೆ ಕಬಡ್ಡಿ ತಂಡ

ಕಬಡ್ಡಿ ತಂಡದ ಮ್ಯಾನೇಜರ್ ಆಗಲು ನನಗಿಂತ ಯೋಗ್ಯನಾದವನು ಇಡೀ ಗೂಳೂರಿನಲ್ಲಿ ಇನ್ನೊಬ್ಬನಿಲ್ಲ ಎಂದು ನಾನು ಪ್ರಾಮಾಣಿಕವಾಗಿ ನಂಬಿದ್ದೆ. ಅದಕ್ಕೆ ಕಾರಣಗಳೂ ಇದ್ದವು. ಪಕ್ಕದ ಪೇಟೆಯ ಬಟವಾಡಿಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಹಾಗಾಗಿ ಆಟಗಾರರ ಆಧಾರ್ ಕಾರ್ಡು, ಫೋಟೋ, ಅರ್ಜಿ ಎಲ್ಲವೂ ಮೂರು ಮೂರು ಪ್ರತಿ ಸಿದ್ಧವಿರುತ್ತಿದ್ದವು. ಹರೆಯದಲ್ಲಿ ನಾನೂ ಕಬಡ್ಡಿ ಆಡಿದವನು. ಆಡಿದವನು ಎಂದರೆ, ಆಡುವವರ ಪಕ್ಕದ ಬೆಂಚಿನ ಮೇಲೆ ಎರಡು ವರ್ಷ ಕೂತವನು.

ನಮ್ಮ ಗೂಳೂರಿನದು ಜಿಲ್ಲೆಯ ಬಿ ಡಿವಿಜನ್ ತಂಡ. ಎ ಡಿವಿಜನ್ನಿನವರು ಮ್ಯಾಟಿನ ಮೇಲೆ ಆಡುತ್ತಾರೆ, ನಾವು ಮಣ್ಣಿನ ಮೇಲೆ ಆಡುತ್ತೇವೆ. ಬಿ ಡಿವಿಜನ್ ಗೆದ್ದ ಒಂದೇ ಒಂದು ತಂಡ ವರ್ಷಕ್ಕೊಮ್ಮೆ ಮೇಲಕ್ಕೆ ಹೋಗುತ್ತದೆ. ಹನ್ನೊಂದು ವರ್ಷದಿಂದ ಆ ತಂಡ ನಮ್ಮದಾಗಿರಲಿಲ್ಲ. ಈ ಸಲ ಮಾತ್ರ ನಾವು ಫೈನಲ್ಲಿಗೆ ಬಂದಿದ್ದೆವು. ಗುಬ್ಬಿಯ ಮೈದಾನದಲ್ಲಿ, ಕುಣಿಗಲ್ಲಿನವರ ಮೇಲೆ.

ಬಂದದ್ದು ಶಿವಣ್ಣನ ದೆಸೆಯಿಂದ. ಬಟವಾಡಿಯಲ್ಲಿ ಆಟೋ ಓಡಿಸುವ ಅವನು ನಮ್ಮ ಮುಖ್ಯ ರೈಡರ್. ವಯಸ್ಸು ಮೂವತ್ತಾರು. ಒಂದು ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡೇ ಆಡುತ್ತಿದ್ದ. ಸೀಸನ್ ಶುರುವಾಗುವಾಗಲೇ ನನ್ನ ಅಂಗಡಿಗೆ ಬಂದು ಹೇಳಿದ್ದ.

"ರಾಜಣ್ಣ, ಇದೇ ಲಾಸ್ಟು ಕಣಣ್ಣ. ಕಾಲು ಕೈ ಕೊಡ್ತಾ ಐತೆ. ಒಂದ್ಸಲ ಟೀಮ್ನ ಎ ಡಿವಿಜನ್ನಿಗೆ ಕರ್ಕೊಂಡೋಗ್ಬುಟ್ಟು ಆಡೋದ್ ನಿಲ್ಲಿಸ್ಬುಡ್ತೀನಿ."

"ನೀನು ಆಡೋದು ನೋಡ್ಕೊ. ಮಿಕ್ಕಿದ್ದೆಲ್ಲ ನಂಗೆ ಬಿಡು," ಎಂದಿದ್ದೆ ನಾನು. ಅವನು ನಂಬಿ ಬಿಟ್ಟ.

ಇದು ಅರವತ್ತೈದು ಕೆಜಿ ಒಳಗಿನವರ ಪಂದ್ಯಾವಳಿ. ಪ್ರತಿ ಪಂದ್ಯದ ಬೆಳಿಗ್ಗೆ ಆಟಗಾರರು ತಕ್ಕಡಿ ಹತ್ತಿ ಇಳಿಯಬೇಕು. ಸೆಮಿಫೈನಲ್ಲಿನ ದಿನ ಶಿವಣ್ಣ ಹತ್ತಿದಾಗ ಸರಿಯಾಗಿ ಅರವತ್ತೈದು ತೋರಿಸಿತು. ಅವನು ಒಂದು ಲೋಟ ನೀರು ಕುಡಿದು ಬಂದಿದ್ದರೆ ಕಥೆ ಅಲ್ಲೇ ಮುಗಿಯುತ್ತಿತ್ತು. ಆವತ್ತಿನಿಂದ ಅವನು ಮುದ್ದೆ ಬಿಟ್ಟ. ಅವನ ಹೆಂಡತಿ ಭಾಗ್ಯ ಮೂರು ವಾರ ಅವನಿಗೆಂದೇ ಬೇರೆ ಅಡುಗೆ ಮಾಡಿದಳು. ಬರೀ ಸೌತೆಕಾಯಿ, ಹೆಸರುಕಾಳು, ಮಜ್ಜಿಗೆ. ಸ್ಟ್ಯಾಂಡಿನಲ್ಲಿ ಬೇರೆ ಆಟೋದವರು ಬೋಂಡಾ ತಿನ್ನುವಾಗ ಇವನು ಮುಖ ಆ ಕಡೆ ತಿರುಗಿಸಿ ಕೂರುತ್ತಿದ್ದ. ಅದನ್ನು ನೋಡಿ ನನಗೆ ಅಯ್ಯೋ ಪಾಪ ಎನಿಸುತ್ತಿತ್ತು. ಅನಾಹುತಕ್ಕೆ ಬೀಜ ಬಿದ್ದದ್ದೇ ಆ ಕರುಣೆಯಿಂದ.

ಫೈನಲ್ಲಿನ ಹಿಂದಿನ ದಿನ ಮಧ್ಯಾಹ್ನ ನನಗೊಂದು ಮಹತ್ತರವಾದ ಆಡಳಿತಾತ್ಮಕ ಯೋಚನೆ ಹೊಳೆಯಿತು. ನಾವೇ ಮುಂಚಿತವಾಗಿ ಎಲ್ಲರ ತೂಕ ನೋಡಿಬಿಟ್ಟರೆ ಹೇಗೆ? ನನ್ನ ಜೊತೆ ಓದಿದ ರುದ್ರೇಶನಿಗೆ ಕೊಬ್ಬರಿ ಮಂಡಿ ಇದೆ. ಅಲ್ಲಿರುವುದು ಮೂಟೆ ತೂಗುವ ದೊಡ್ಡ ಎಲೆಕ್ಟ್ರಾನಿಕ್ ತಕ್ಕಡಿ, ಕೆಂಪು ಅಂಕಿಯದು. ಇಡೀ ತಂಡವನ್ನು ಕರೆದುಕೊಂಡು ಹೋದೆ. ರುದ್ರೇಶ ಊಟಕ್ಕೆ ಹೋಗಿದ್ದ. ಹಳೇ ಗೆಳೆಯನ ತಕ್ಕಡಿ ಹತ್ತಲು ಅಪ್ಪಣೆ ಯಾಕೆ ಎಂದು ಒಬ್ಬೊಬ್ಬರನ್ನೇ ಹತ್ತಿಸಿದೆ.

ಶಿವಣ್ಣ ಕಣ್ಣು ಮುಚ್ಚಿಕೊಂಡು ಹತ್ತಿದ. ಅರವತ್ಮೂರು ಎಂಟುನೂರು.

ಅವನು ಕಣ್ಣು ಬಿಟ್ಟು ನೋಡಿದ, ಮತ್ತೆ ನೋಡಿದ, ಆಮೇಲೆ ನನ್ನನ್ನು ತಬ್ಬಿಕೊಂಡ. ಕೊನೆಯಲ್ಲಿ ನಾನೂ ಹತ್ತಿದೆ. ನನ್ನದೂ ಒಂದು ಕೆಜಿ ಇಳಿದಿತ್ತು. ಮ್ಯಾನೇಜರ್ ಕೆಲಸದ ಓಡಾಟ ಎಂದುಕೊಂಡು ಕೂಡಲೇ ಹೆಂಡತಿಗೆ ಫೋನು ಮಾಡಿದೆ.

"ಸರೋಜಾ, ನಾನು ಒಂದು ಕೆಜಿ ಇಳಿದಿದೀನಿ."

"ಪ್ಯಾಂಟು ಹಾಗೇನೂ ಹೇಳ್ತಿಲ್ವಲ್ಲ," ಎಂದಳು ಅವಳು.

ಆ ಮಾತನ್ನು ಕಿವಿಗೆ ಹಾಕಿಕೊಂಡಿದ್ದರೆ ಸಾಕಿತ್ತು. ನಾನು ಬೇರೆ ಲೆಕ್ಕದಲ್ಲಿ ಮುಳುಗಿದ್ದೆ. ಅರವತ್ತೈದರಲ್ಲಿ ಅರವತ್ಮೂರು ಎಂಟುನೂರು ಕಳೆದರೆ ಒಂದು ಕೆಜಿ ಇನ್ನೂರು ಗ್ರಾಂ. ಅಂದರೆ ಶಿವಣ್ಣನ ದೇಹದಲ್ಲಿ ಅಷ್ಟು ಜಾಗ ಅಧಿಕೃತವಾಗಿ ಖಾಲಿ ಇದೆ. ಹೊಟ್ಟೆಗಿಲ್ಲದೆ ಫೈನಲ್ ಆಡಿಸುವುದು ಯಾವ ನ್ಯಾಯ? ಮಂಡಿಯಿಂದ ಸೀದಾ ಅವನನ್ನು ಮನೆಗೆ ಎಳೆದುಕೊಂಡು ಬಂದೆ. ಸರೋಜಾ ಆವತ್ತು ಒಬ್ಬಟ್ಟು ಮಾಡಿದ್ದಳು.

"ಬ್ಯಾಡ ಕಣಣ್ಣ. ನಾಳೆ ಮುಗೀಲಿ, ತಿಂತೀನಿ," ಎಂದ ಶಿವಣ್ಣ. ಕಣ್ಣು ಮಾತ್ರ ತಟ್ಟೆಯ ಮೇಲೇ ಇತ್ತು.

"ಮ್ಯಾಚ್ ಮುಗಿಸ್ಕೊಂಡು ಬರ್ಲಿ ಬಿಡ್ರಿ, ಎತ್ತಿಟ್ಟಿರ್ತೀನಿ," ಎಂದಳು ಸರೋಜಾ.

"ನಿಂಗೆ ಕಬಡ್ಡಿ ಗೊತ್ತಾ?" ಎಂದೆ ನಾನು. ಮೂರು ಒಬ್ಬಟ್ಟು, ಮೇಲೆ ತುಪ್ಪ, ಎರಡು ಸಲ ಅನ್ನಕ್ಕೆ ಒಬ್ಬಟ್ಟಿನ ಸಾರು. ಅವನು ತಿನ್ನುವುದನ್ನು ನೋಡುತ್ತಾ ಕೂತಿದ್ದ ನನಗೆ ಎಷ್ಟು ಖುಷಿಯಾಯಿತೆಂದರೆ, ನಾಲ್ಕನೆಯದನ್ನು ನಾನೇ ಕೈಯಾರೆ ಬಡಿಸಿದೆ.

ಮಾರನೇ ದಿನ ಬೆಳಿಗ್ಗೆ ಎಂಟಕ್ಕೆ ಗುಬ್ಬಿಯ ಮೈದಾನದಲ್ಲಿ ತೂಕ. ತೂಗುವವರು ನಿವೃತ್ತ ಪಿ.ಟಿ. ಮೇಷ್ಟ್ರು. ಶಿವಣ್ಣ ಈ ಸಲ ಕಣ್ಣು ಬಿಟ್ಟುಕೊಂಡೇ ಹತ್ತಿದ.

"ಅರವತ್ತೈದು ಆರುನೂರು. ಇಳೀರಿ," ಎಂದರು ಮೇಷ್ಟ್ರು.

ನನಗೆ ನಗು ಬಂತು. "ಸಾರ್, ನಿಮ್ಮ ತಕ್ಕಡಿ ಕೆಟ್ಟಿದೆ. ನಿನ್ನೆ ತಾನೆ ನಾವು ತೂಕ ಹಾಕ್ಸಿದ್ವಿ. ಮೂಟೆಗಟ್ಲೆ ಕೊಬ್ಬರಿ ತೂಗೋ ತಕ್ಕಡಿ ಸಾರ್ ಅದು."

"ಹಾಗಾದ್ರೆ ಅದರ ಯಜಮಾನರನ್ನೇ ಕೇಳ್ರಿ," ಎಂದರು ಮೇಷ್ಟ್ರು ಶಾಂತವಾಗಿ.

ಕೇಳಿದೆ. ಸುಮ್ಮನೆ ಕೇಳಲಿಲ್ಲ. ಎರಡೂ ತಂಡದವರಿಗೆ ಕೇಳಿಸಲಿ ಎಂದು ಸ್ಪೀಕರ್ ಹಾಕಿ ಕೇಳಿದೆ.

"ರುದ್ರೇಶಾ, ನಿನ್ ತಕ್ಕಡಿ ಸರಿಯಾಗಿದೆ ತಾನೆ?"

"ಸರಿಯಾಗೇ ಐತೆ ಕಣೋ. ಚೀಲದ ತೂಕ ಒಂದ್ ಕೆಜಿ ಕಳ್ದು ಇಟ್ಟಿರ್ತೀವಿ, ಅಷ್ಟೇ. ಯಾಕ್ಲಾ, ಕೊಬ್ಬರಿ ತಂದಿದೀಯಾ?"

ಕುಣಿಗಲ್ಲಿನವರು ನಕ್ಕರು. ನಮ್ಮವರು ನಗಲಿಲ್ಲ. ನಮ್ಮ ಏಳು ಜನ ಆಟಗಾರರಲ್ಲಿ ಐವರ ಮನೆಯಲ್ಲಿ ತೆಂಗಿನ ತೋಟವಿದೆ. ಮಂಡಿಯಲ್ಲಿ ಚೀಲದ ತೂಕ ಕಳೆಯುತ್ತಾರೆಂಬುದು ನನ್ನನ್ನೂ ಸೇರಿಸಿ ಎಲ್ಲರಿಗೂ ಹುಟ್ಟಿದಾಗಿನಿಂದ ಗೊತ್ತು. ಆದರೆ ತಕ್ಕಡಿಯ ಮೇಲೆ ಕೊಬ್ಬರಿಯ ಬದಲು ಮನುಷ್ಯ ನಿಂತಾಗ ಒಬ್ಬನಿಗೂ ಅದು ನೆನಪಾಗಲಿಲ್ಲ. ತಕ್ಕಡಿ ಆ ಒಂದು ಕೆಜಿ ಕಳೆದೇ ತೋರಿಸಿತ್ತು, ನಮ್ಮ ಶಿವಣ್ಣನಿಗೆ ಚೀಲವೇ ಇರಲಿಲ್ಲ.

ಒಂದು ಗಂಟೆ ಸಮಯ ಕೊಟ್ಟರು. ಶಿವಣ್ಣನಿಗೆ ಎರಡು ಸ್ವೆಟರ್ ಹಾಕಿಸಿ ಬಿಸಿಲಲ್ಲಿ ಓಡಿಸಿದೆವು. ಆ ಮೊಣಕಾಲಿನಲ್ಲೇ ಅವನು ಹದಿನೆಂಟು ಸುತ್ತು ಓಡಿದ. ನೈತಿಕ ಬೆಂಬಲಕ್ಕೆಂದು ಜೊತೆಗೆ ಓಡಿದ ನಾನು ಎರಡನೇ ಸುತ್ತಿನಲ್ಲಿ ಕಂಬ ಹಿಡಿದುಕೊಂಡೆ. ಮತ್ತೆ ತೂಕ ಹಾಕಿದರೆ ಅರವತ್ತೈದಕ್ಕಿಂತ ಇನ್ನೂ ಇನ್ನೂರು ಗ್ರಾಂ ಜಾಸ್ತಿ.

ಉಳಿದದ್ದು ಹತ್ತು ನಿಮಿಷ. ಆಗ ನನಗೆ ಎರಡನೆಯ ಮಹತ್ತರ ಯೋಚನೆ ಹೊಳೆಯಿತು. ಮೈದಾನದ ಎದುರಿಗೇ ಕಟಿಂಗ್ ಶಾಪ್ ಇತ್ತು. ಶಿವಣ್ಣನದು ಗುಂಗುರು ಕೂದಲು, ಹಣೆಯ ಮೇಲೆ ಬೀಳುವಷ್ಟು. ಸ್ಟ್ಯಾಂಡಿನಲ್ಲಿ ಅದಕ್ಕೊಂದು ಗೌರವವಿತ್ತು. ಅವನು ಕುರ್ಚಿಯ ಮೇಲೆ ಕೂತು ತಲೆ ಬಗ್ಗಿಸಿದ. ತಲೆ ಬೋಳಿಸಿ ಮೀಸೆಯನ್ನೂ ತೆಗೆಸಿದೆ.

ಕೂದಲಿಗೆ ಅಷ್ಟೇನೂ ತೂಕವಿರುವುದಿಲ್ಲ ಎಂಬುದು ಆವತ್ತು ನನಗೆ ತಿಳಿಯಿತು. ಐವತ್ತು ಗ್ರಾಂ ಇಳಿದಿತ್ತು. ಇನ್ನೂ ನೂರೈವತ್ತು ಜಾಸ್ತಿ.

"ಬೇಜಾರು ಮಾಡ್ಕೋಬೇಡಪ್ಪ," ಎಂದು ಮೇಷ್ಟ್ರು ಪಟ್ಟಿಯಲ್ಲಿ ಅವನ ಹೆಸರಿನ ಮೇಲೆ ಗೆರೆ ಎಳೆದರು. ಅದು ನಾನೇ ಮೂರು ಪ್ರತಿ ಮಾಡಿ ಕೊಟ್ಟ ಪಟ್ಟಿ. ಮೂರರಲ್ಲೂ ಎಳೆದರು.

ಅಷ್ಟರಲ್ಲಿ ಬಸ್ಸಿಳಿದು ಭಾಗ್ಯ ಬಂದಳು. ಮದುವೆಯಾದ ಮೇಲೆ ಗಂಡನ ಆಟ ನೋಡಲು ಅವಳು ಬಂದದ್ದು ಅದೇ ಮೊದಲು. ಬೋಳು ತಲೆಯ, ಮೀಸೆಯಿಲ್ಲದ ಗಂಡನನ್ನು ಕಂಡು ಕೈಯಲ್ಲಿದ್ದ ಚೀಲ ಕೆಳಗೆ ಬಿಟ್ಟಳು.

"ಯಾರು ಹೋದ್ರು ರೀ? ಮಾವನಿಗೇನಾಯ್ತು?"

"ಯಾರಿಗೂ ಏನೂ ಆಗಿಲ್ಲ ಕಣೇ," ಎಂದ ಶಿವಣ್ಣ. "ಒಬ್ಬಟ್ಟು ತಿಂದೆ."

ಪಂದ್ಯವನ್ನು ನಾವಿಬ್ಬರೂ ಬೆಂಚಿನ ಮೇಲೆ ಪಕ್ಕಪಕ್ಕ ಕೂತು ನೋಡಿದೆವು. ನನಗೆ ಆ ಜಾಗ ಹೊಸದಲ್ಲ. ಅವನಿಗೆ ಹೊಸದು. ಹೇಗೆ ಕೂರಬೇಕೆಂದು ತಿಳಿಯದೆ ಮೊಣಕಾಲಿನ ಪಟ್ಟಿ ಬಿಚ್ಚುತ್ತಿದ್ದ, ಮತ್ತೆ ಸುತ್ತುತ್ತಿದ್ದ. ಕೊನೆಯ ರೈಡಿಗೆ ಹೊರಟಾಗ ನಾವು ಒಂದು ಪಾಯಿಂಟ್ ಹಿಂದಿದ್ದೆವು. ನಮ್ಮ ಮಂಜು ಹೋದ, ಎಡಗಡೆ ಮೂಲೆಯಲ್ಲಿ ಸಿಕ್ಕಿಬಿದ್ದ. ಬಲಗಡೆ ಮೂಲೆಯಲ್ಲಿ ಜಾಗವಿತ್ತೆಂದು ಬೆಂಚಿನ ಮೇಲಿದ್ದ ಶಿವಣ್ಣನಿಗೆ ಮೊದಲೇ ಕಂಡಿತ್ತು. ಅವನು ಎದ್ದು ನಿಂತಿದ್ದ.

ಸೋತ ಮೇಲೆ ಅವನ ಕಡೆ ತಿರುಗಿದೆ. "ಶಿವಣ್ಣ, ತಪ್ಪಾಯ್ತು ಕಣೋ," ಎನ್ನುವಷ್ಟರಲ್ಲಿ ಕಣ್ಣಲ್ಲಿ ನೀರು ಬಂತು. ಅವನು ಬೈಯಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ತಿಂಗಳಾದ ಮೇಲೆ ನಮ್ಮ ಮನೆಯಲ್ಲಿ ಪೂಜೆಯಿತ್ತು. ಸರೋಜಾ ಅವನನ್ನೂ ಭಾಗ್ಯಳನ್ನೂ ಊಟಕ್ಕೆ ಕರೆದಿದ್ದಳು. ಅವನ ತಲೆಯಲ್ಲಿ ಕೂದಲು ಚೂರು ಚೂರು ಬಂದಿತ್ತು. ಎಲೆಯ ಮೇಲೆ ಒಬ್ಬಟ್ಟು ಬಿದ್ದಾಗ ನಾನು ಗೋಡೆ ನೋಡಿದೆ. ಅವನು ಒಂದು ತಿಂದ, ಎರಡು ತಿಂದ. ಮೂರನೆಯದಕ್ಕೆ ಸರೋಜಾ ನನ್ನ ಮುಖ ನೋಡಿ ಕೈ ಹಿಂದೆಗೆದಳು.

"ಹಾಕಿ ಅಕ್ಕ," ಎಂದ ಶಿವಣ್ಣ. "ಇನ್ಮೇಲೆ ನನ್ನ ಯಾರು ತೂಕ ಹಾಕ್ತಾರೆ?"

ಆವತ್ತಿನಿಂದ ನಾನು ಒಬ್ಬಟ್ಟು ಬಿಟ್ಟಿದ್ದೇನೆ. ಸರಿಯಾದ ತಕ್ಕಡಿಯಲ್ಲೇ ನೋಡಿಸಿದೆ, ಎರಡು ಕೆಜಿ ಇಳಿದಿದ್ದೇನೆ. ಆ ಬೆಳಿಗ್ಗೆ ಬೇಕಾಗಿದ್ದದ್ದು ಬರೀ ನೂರೈವತ್ತು ಗ್ರಾಂ, ಅದೂ ನನ್ನದಲ್ಲ.