ಹೊಟ್ಟೆಕಿಚ್ಚಿನ ಬಣ್ಣ ಯಾವುದು?

ಬಣ್ಣದ ಅಂಗಡಿ ಇಟ್ಟವರಿಗೆ ಒಂದು ವಿಷಯ ಬೇಗ ಗೊತ್ತಾಗುತ್ತೆ. ತಮ್ಮ ಮನೆ ಗೋಡೆ ಹಳೇದಾಯ್ತು ಅಂತ ಬರೋರಿಗಿಂತ, ಪಕ್ಕದ ಮನೆ ಗೋಡೆ ಹೊಸದಾಯ್ತು ಅಂತ ಬರೋರೇ ಹೆಚ್ಚು. ನನ್ನ ಅಂಗಡಿ ಚಿತ್ರದುರ್ಗದ ಬಸ್ ಸ್ಟ್ಯಾಂಡಿಗೆ ಹತ್ತಿರ. ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು ಬಸ್ಸಿಳಿದವರೆಲ್ಲ ನನ್ನ ಗಿರಾಕಿಗಳೇ. ನಮ್ಮ ಯಜಮಾನರು ಏಣಿಯಿಂದ ಬಿದ್ದು ಸೊಂಟ ಮುರ್ಕೊಂಡಾಗ ಗಲ್ಲಾಪೆಟ್ಟಿಗೆ ಮುಂದೆ ಬಂದು ಕೂತೋಳು ನಾನು, ಇನ್ನೂ ಎದ್ದಿಲ್ಲ. ಅವರ ಆಸ್ಪತ್ರೆ ಖರ್ಚು, ಮಗಳ ಕಾಲೇಜು ಎಲ್ಲ ನಡೆದದ್ದು ಇದರಿಂದಲೇ. ಹಾಗಾಗಿ ಜನರ ಹೊಟ್ಟೆಕಿಚ್ಚನ್ನು ನಾನು ಎಂದೂ ಬೈದವಳಲ್ಲ. ನಮ್ಮ ಮನೆ ಒಲೆ ಉರಿದದ್ದು ಆ ಕಿಚ್ಚಿನಲ್ಲೇ.

ಇಂಗ್ಲಿಷ್ ಹಸಿರು

ಹೊಸದುರ್ಗದಿಂದ ನಿವೃತ್ತ ಇಂಗ್ಲಿಷ್ ಮೇಷ್ಟ್ರೊಬ್ಬರು ಹೆಂಡತಿ ಜೊತೆ ಬಂದರು. ಎದುರುಮನೆಯವರು ಎಲೆಹಸಿರು ಬಳಿಸಿದ್ದಾರಂತೆ. ನೋಡೋಕೆ ಆಗಲ್ಲ, ಕಣ್ಣಿಗೆ ಹೊಡೀತದೆ ಅಂತ ಬೈಯುತ್ತಲೇ ಇದ್ದರು. ಬೆರಳು ಮಾತ್ರ ಶೇಡ್ ಕಾರ್ಡಿನ ಹಸಿರು ಪುಟ ಬಿಟ್ಟು ಕದಲಲಿಲ್ಲ.

ಆಮೇಲೆ ಮೇಷ್ಟ್ರಿಂದ ನನಗೊಂದು ಪಾಠವೂ ಆಯ್ತು. ಇಂಗ್ಲಿಷಿನವರು ಹೊಟ್ಟೆಕಿಚ್ಚುಪಟ್ಟವನನ್ನು ಹಸಿರಾದ ಅಂತಾರಂತೆ. ಅಸೂಯೆಯಾದರೆ ಪಿತ್ತ ಕೆರಳಿ ಮುಖಕ್ಕೆ ಹಸಿರು ಛಾಯೆ ಬರುತ್ತೆ ಅಂತ ಆ ಕಡೆಯ ಹಳೇ ಕಾಲದವರು ನಂಬಿದ್ದರಂತೆ. ನಮ್ಮವರು ಅಷ್ಟೆಲ್ಲ ಬಣ್ಣ ಹುಡುಕಲಿಲ್ಲ ಸಾರ್, ನೇರ ಹೊಟ್ಟೆಗೇ ಕಿಚ್ಚಿಟ್ಟರು ಅಂದೆ. ಮೇಷ್ಟ್ರು ಮೆಚ್ಚಿ ತಲೆಯಾಡಿಸಿದರು.

ಆಗ ಅವರ ಹೆಂಡತಿ ಬಾಯಿಬಿಟ್ಟರು. "ಅದೇ ಹಸ್ರು ಕೊಟ್ಬಿಡಮ್ಮ. ಗೋಡೆಗೂ ಇವ್ರ ಮುಖಕ್ಕೂ ಮ್ಯಾಚಿಂಗ್ ಆಗ್ತೈತೆ."

ಕಾಮಾಲೆ ಹಳದಿ

ರಾಮಗಿರಿಯ ಇಬ್ಬರು ವಾರಗಿತ್ತಿಯರು ಒಂದೇ ಮನೆಯನ್ನು ಎರಡು ಪಾಲು ಮಾಡ್ಕೊಂಡಿದ್ದರು. ಜಗಳ ಬೇಡ ಅಂತ ಅತ್ತೆಯೇ ಬಂದು ಎರಡೂ ಕಡೆಗೆ ಒಂದೇ ತಿಳಿಹಳದಿ ಒಯ್ದರು. ಬಳಿದಾದ ಮೇಲೆ ಕಿರಿಸೊಸೆ ಅತ್ತೆಯನ್ನೂ ಕರ್ಕೊಂಡು ಅಂಗಡಿಗೆ ಬಂದಳು. ಅಕ್ಕನ ಗೋಡೆ ಹೊಳೀತೈತೆ, ತನ್ನದು ಮಂಕಾಗೈತೆ, ಬಣ್ಣದಲ್ಲಿ ಮೋಸ ಆಗೈತೆ ಅನ್ನೋದು ಅವಳ ದೂರು.

ಒಂದೇ ಬಕೆಟ್ಟಿನ ಬಣ್ಣ ಕಣಮ್ಮ ಅಂತ ಎಷ್ಟು ಹೇಳಿದರೂ ಕೇಳಲಿಲ್ಲ. ಕಾಮಾಲೆಯವನಿಗೆ ಕಂಡದ್ದೆಲ್ಲ ಹಳದಿ ಅನ್ನೋ ಗಾದೆ ನೆನಪಾಯ್ತು. ರೋಗಿಯ ಕಣ್ಣು ಹಳದಿಯಾಗೋದನ್ನು ಕಂಡೇ ಹಿರಿಯರು ಆ ಮಾತು ಕಟ್ಟಿರಬೇಕು. ಈಕೆಯದು ಇನ್ನೂ ವಿಚಿತ್ರ ಕಾಮಾಲೆ. ಅಕ್ಕನ ಗೋಡೆ ಮಾತ್ರ ಹಳದಿ!

ಕೊನೆಗೆ ಅತ್ತೆ ಸಮಾಧಾನ ಮಾಡಿದರು. "ಬಣ್ಣ ಒಂದೇ ಐತೆ ತಾಯಿ. ದೊಡ್ಡಾಕಿ ಗೋಡೆಗೆ ಬೆಳಗಿನ ಬಿಸ್ಲು ಬೀಳ್ತೈತೆ, ಅಷ್ಟೆ."

ಕಿರಿಸೊಸೆ ಸ್ವಲ್ಪ ಯೋಚನೆ ಮಾಡಿ ನನ್ನ ಕಡೆ ತಿರುಗಿದಳು. "ಹಂಗಾದ್ರೆ ಆ ಬಿಸ್ಲಿನ ಬಣ್ಣ ಒಂದು ಡಬ್ಬಿ ಕೊಡ್ರಿ."

ನೀಲಿಯ ಮಹಿಮೆ

ಹಿರಿಯೂರು ಕಡೆಯ ಕುರಿ ಸಾಕೋ ಅಣ್ಣತಮ್ಮಂದಿರು ಒಂದು ದಿನ ಪೇಡಾ ಪೊಟ್ಟಣ ತಂದುಕೊಟ್ಟು, ನಿಮ್ಮಿಂದ ಭಾಳ ಉಪಕಾರ ಆತು ಅಂದರು. ಏನು ಉಪಕಾರ ಅಂತ ಕೇಳಿದ್ದಕ್ಕೆ ಅವರು ಹೇಳಿದ ಕಥೆ ಇದು.

ಹಿಂಡು ಪಾಲಾದಾಗಿಂದ ಇಬ್ಬರಿಗೂ ಮಾತಿರಲಿಲ್ಲ. ಅಣ್ಣ ತನ್ನ ಕುರಿಗಳ ಬೆನ್ನಿಗೆ ನನ್ನ ಅಂಗಡಿಯ ನೀಲಿಯಲ್ಲಿ ಗುರುತು ಹಾಕಿದ್ದ. ಆ ವರ್ಷ ಅವು ಚೆನ್ನಾಗಿ ಮೈತುಂಬಿದವು. ಹೊಟ್ಟೆ ಉರ್ಕೊಂಡ ತಮ್ಮ, ಇದು ನೀಲಿಯದೇ ಮಹಿಮೆ ಅಂದ್ಕೊಂಡು ತಾನೂ ನೀಲಿ ಹಚ್ಚಿದ. ಒಂದು ಮಧ್ಯಾಹ್ನ ಕೆರೆ ಹತ್ತಿರ ಎರಡೂ ಹಿಂಡು ಕಲೆತುಹೋದವು. ಎಲ್ಲಿ ನೋಡಿದರೂ ನೀಲಿ ಬೆನ್ನು.

ಪರಸ್ಪರ ಮಾತಾಡೋ ಹಾಗಿಲ್ಲ. ಅತ್ತ ಒಬ್ಬ, ಇತ್ತ ಒಬ್ಬ ನಿಂತು ತಮ್ಮ ತಮ್ಮ ಕುರಿ ಕರೆದರು. ಅವು ಒಡೆಯರ ದನಿ ಹಿಡಿದು ಬೇರೆಯಾದವು. ಒಂದು ಟಗರು ಮಾತ್ರ ಯಾರ ಕರೆಗೂ ಹೋಗದೆ ನಡುವೆ ನಿಂತಿತು. ಇಬ್ಬರೂ ಹಿಡ್ಕೊಂಡರು. ಆಗಲೂ ಮಾತಾಡಿದ್ದು ಟಗರಿನ ಜೊತೆಗೇ. ಅಣ್ಣ ಅದರ ಕೊಂಬು ಹಿಡಿದು, ನೀನು ನಮ್ಮನೇದು ಅಂತ ಅವನಿಗೆ ಹೇಳು ಅಂದ. ತಮ್ಮ ಅದರ ಹಿಂಗಾಲು ಹಿಡಿದು, ಸುಳ್ಳು ಹೇಳಬ್ಯಾಡ ಅಂತ ಅವನಿಗೆ ಹೇಳು ಅಂದ.

ಅಷ್ಟರಲ್ಲಿ ಪಕ್ಕದ ಹಳ್ಳಿಯವನೊಬ್ಬ ಏದುಸಿರು ಬಿಡುತ್ತಾ ಓಡಿಬಂದ. ಆ ಟಗರು ಅವನದಂತೆ. ಅವನ ದನಿ ಕೇಳಿದ್ದೇ ಅದು ಕೊಸರ್ಕೊಂಡು ಅವನ ಹಿಂದೆ ನಿಂತಿತು. ನೀನ್ಯಾಕಪ್ಪ ನೀಲಿ ಹಚ್ಚಿದೆ ಅಂತ ಅಣ್ಣ ಕೇಳಿದ. ಅವನು ನಾಚಿಕೊಂಡು, ನಿಮ್ಮಿಬ್ಬರ ಕುರಿ ನೋಡಿ ನನಗೂ ತಡೀಲಿಲ್ಲ ಅಂದ. ಆಮೇಲೆ ಹತ್ತಿರ ಬಂದು ಮೆಲ್ಲಗೆ ಕೇಳಿದ. "ನಿಜ ಹೇಳಣ್ಣ, ಆ ನೀಲೀಲಿ ಏನೈತೆ?"

ಅಣ್ಣ ಅವನನ್ನು ನೋಡಲಿಲ್ಲ. ತಮ್ಮನ ಮುಖ ನೋಡಿದ. ಪಾಲಾದ ಮೇಲೆ ಅವನು ತಮ್ಮನಿಗೆ ಆಡಿದ ಮೊದಲ ಮಾತು ಇದು.

"ಆವತ್ತು ಅಂಗಡ್ಯಾಗೆ ಕೆಂಪು ಖಾಲಿಯಾಗಿತ್ತು ಕಣ್ಲೇ."